ಹತ್ತೊಂಬತ್ತು ಸೋರೆಬುರುಡೆಗಳು

ಅಮೆರಿಕದ ಸಮರ್‌ಸೆಟ್‌ನ ತಾರಿಣಿಗೆ ಮೂವತ್ತೊಂದು ವರ್ಷ. ವಾರದಲ್ಲಿ ಐದು ದಿನ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಉಳಿದೆರಡು ದಿನ ಬಾಲಾಫೋನ್. ಪಶ್ಚಿಮ ಆಫ್ರಿಕದ ಈ ವಾದ್ಯದಲ್ಲಿ ಹತ್ತೊಂಬತ್ತು ಮರದ ಪಟ್ಟಿಗಳು, ಪ್ರತಿಯೊಂದರ ಕೆಳಗೂ ಒಂದು ಸೋರೆಬುರುಡೆ. ಬುರುಡೆಯ ಪಕ್ಕದಲ್ಲಿ ಸಣ್ಣ ತೂತು, ಅದಕ್ಕೆ ಅಂಟಿಸಿದ ತೆಳು ಹಾಳೆ. ಹಾಳೆ ಅದುರಿದರೆ ಸ್ವರ ಗುಂಯ್‌ಗುಟ್ಟುತ್ತದೆ.

ಕಾರ್ಡಿಫ್‌ನಲ್ಲಿ ಓದಿದ ಒಂದು ವರ್ಷದಲ್ಲಿ ಅವಳಿಗೆ ವೇಲ್ಸಿನ ಸೈಕೆಡೆಲಿಕ್ ರಾಕ್ ಸಂಗೀತದ ಹುಚ್ಚು ಹಿಡಿದಿತ್ತು. ಆ ಗಿಟಾರುಗಳ ಒರಟು ಗುಂಯ್ ದನಿಯೇ ಬಾಲಾಫೋನಿನಲ್ಲೂ ಇದೆ ಎಂದು ತಿಳಿದದ್ದು ಬ್ರಾಂಕ್ಸ್‌ನಲ್ಲಿ, ಗಿನಿ ದೇಶದ ಗುರು ಲಾನ್ಸಿನೆಯವರ ಮನೆಯಲ್ಲಿ. ಆರು ವರ್ಷಗಳಿಂದ ಎರಡನ್ನೂ ಬೆರೆಸಿ ನುಡಿಸುತ್ತಿದ್ದಾಳೆ. ಆದರೆ ಗುರುಗಳ ಮನೆತನದ ಹಾಡೊಂದನ್ನು ಹಾಗೆ ಬೆರೆಸಿ ರೆಕಾರ್ಡ್ ಮಾಡಲು ಅವರ ಒಪ್ಪಿಗೆ ಬೇಕಿತ್ತು. ಶನಿವಾರ ನಾಲ್ಕು ಗಂಟೆಗೆ ಬಂದು ನುಡಿಸು, ಕೇಳಿ ಹೇಳುತ್ತೇನೆ ಎಂದಿದ್ದರು.

ಆ ಶನಿವಾರ ಬೆಳಿಗ್ಗೆ ತಾರಿಣಿ ಒಂದು ಪಟ್ಟಿ ಬಡಿದಳು. ಸ್ವರ ಬಂತು, ಗುಂಯ್ ಎನ್ನಲಿಲ್ಲ. ಇನ್ನೊಂದು ಬಡಿದಳು. ಅದೂ ಅಷ್ಟೇ. ಬಗ್ಗಿ ನೋಡಿದಳು. ತೂತುಗಳಲ್ಲಿ ಎಪಾಕ್ಸಿ ಅಂಟು ಗಟ್ಟಿಯಾಗಿ ಕೂತಿತ್ತು.

“ಅಪ್ಪಾ! ವಾಟ್ ಡಿಡ್ ಯು ಡೂ?”

ನಿವೃತ್ತ ಇಂಜಿನಿಯರ್ ರಘುರಾಮ ಕಾಫಿ ಲೋಟ ಹಿಡಿದೇ ಬಂದರು. “ನಿನ್ನೆ ನೀನು ಲ್ಯಾಬಿಗೆ ಹೋದಾಗ ತೂತೆಲ್ಲ ಮುಚ್ಚಿದೆ ಪುಟ್ಟಾ. ಪೇಪರ್ ಅದುರಿ ನಾಯ್ಸ್ ಬರ್ತಿತ್ತಲ್ಲ. ಸರ್‌ಪ್ರೈಸ್!”

“ಎಲ್ಲಾನೂ?”

“ಹತ್ತೊಂಬತ್ತೂ. ನಂಬರ್ ಕೂಡ ಹಾಕಿದೀನಿ ನೋಡು.”

ಅವಳ ತಾಯಿ ಸುಂದರಿ ಹಣೆ ಚಚ್ಚಿಕೊಂಡರು. “ಅಯ್ಯೋ ನಿಮ್ಮ! ನಮ್ಮಮ್ಮ ತಂಬೂರಿ ತಂತಿ ಕೆಳಗೆ ದಾರ ಯಾಕೆ ಸಿಗಿಸ್ತಿದ್ರು? ಗುಂಯ್ ಅನ್ನಲಿ ಅಂತ ತಾನೆ? ಅದನ್ನೂ ರಿಪೇರಿ ಮಾಡ್ಬಿಡ್ತಿದ್ರೇನೋ!”

ರಘುರಾಮರಿಗೆ ಲೋಟ ಎಲ್ಲಿಡಬೇಕೆಂದೂ ತೋಚಲಿಲ್ಲ.

ಆಮೇಲೆ ಸಣ್ಣ ಡ್ರಿಲ್ ಹಿಡಿದು ಕೂತರು. ಬುರುಡೆಯ ದಪ್ಪ ಮೂರು ಮಿಲಿಮೀಟರ್, ಆತುರಪಟ್ಟರೆ ಬಿರುಕು. ತಾರಿಣಿ ತರಕಾರಿಯ ತೆಳು ಪ್ಲಾಸ್ಟಿಕ್ ಚೀಲ ಕತ್ತರಿಸಿ ಅಂಟಿಸುತ್ತ ಹೋದಳು. ಅಪ್ಪ, ಮಗಳು ಹೊರಡುವ ಹೊತ್ತಿಗೆ ಏಳು ಬುರುಡೆ ಗುಂಯ್ ಎಂದವು.

ಬ್ರಾಂಕ್ಸ್‌ನಲ್ಲಿ ಅವಳು ಆ ಏಳರಲ್ಲೇ ನುಡಿಸಿದಳು. ಉಳಿದ ಸ್ವರಗಳ ಜಾಗದಲ್ಲಿ, ಅವಳು ಮೊದಲೇ ರೆಕಾರ್ಡ್ ಮಾಡಿ ತಂದಿದ್ದ ಗಿಟಾರಿನ ಪ್ರತಿಧ್ವನಿ ಸುತ್ತಾಡಿತು. ಲಾನ್ಸಿನೆ ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿದರು. ನಂತರ ಬಗ್ಗಿ, ಮುಚ್ಚಿದ ತೂತುಗಳ ಮೇಲೆ ಬೆರಳಾಡಿಸಿ ಹೌಹಾರಿದರು.

“ಇದನ್ನು ಮಾಡಿದ್ದು ಯಾರು?”

ರಘುರಾಮ ಕೈ ಎತ್ತಿದರು.

“ನಮ್ಮಜ್ಜ ಇದ್ದಿದ್ದರೆ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದರು,” ಎಂದರು ಲಾನ್ಸಿನೆ. “ಗಿಟಾರ್ ಇರಲಿ, ಚೆನ್ನಾಗಿದೆ. ಆದರೆ ಹನ್ನೆರಡು ಬಾಯಿ ಮುಚ್ಚಿಕೊಂಡಿರುವಾಗ ನಾನು ಒಪ್ಪಿಗೆ ಕೊಡಲಾರೆ. ನಾಳೆ ಬನ್ನಿ. ಡ್ರಿಲ್ ತನ್ನಿ.”

“ಎಷ್ಟು ಗಂಟೆಗೆ?” ಎಂದು ಕೇಳಿದರು ರಘುರಾಮ. ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.