ಅರಿಸಿನ ಕೆಂಪಾದ ಬೋರ್‌ವೆಲ್

ಬೆಳಗಿನ ಮೊದಲ ಲೋಕಲ್ ರೈಲುಗಳು ಕಲ್ಯಾಣದ ಪಕ್ಕದ ಶಹಾಡ್ ನಿಲ್ದಾಣ ದಾಟುವ ಹೊತ್ತು. ನದಿಯ ಕಡೆಯಿಂದ ಮೂಗು ಉರಿಸುವ ಗಾಳಿ ಬರುತ್ತಿದೆ. ಸಾಲುಮನೆಗಳ ಚಾಳಿನ ಹಿಂದಿನ ಕೈಪಂಪಿನೆದುರು ಶಂಕರೆಪ್ಪ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಪಂಪಿಗೆ ಹಿಡಿಕೆಯಿಲ್ಲ, ಅದನ್ನು ಬಿಚ್ಚಿ ಮನೆಯಲ್ಲಿಟ್ಟವರು ಅವರೇ. ಆದರೂ ಯಾರಾದರೂ ಸಲಾಕೆ ತೂರಿಸಿ ನೀರೆತ್ತಿದ್ದಾರೆಯೇ ಎಂದು ದಿನಾ ನೋಡಬೇಕು.

"ಏನ್ ಶಂಕರೆಪ್ಪಣ್ಣಾ, ನಿಮ್ಮ ಕೈದಿ ಓಡಿ ಹೋಗಿಲ್ಲಲಾ?" ದೂರದ ನಳದಿಂದ ಕೊಡ ಹೊತ್ತು ಬರುವ ನೆರೆಮನೆಯ ಪದ್ಮಾವತಿ ಕುಟುಕುತ್ತಾರೆ. "ನಮ್ಮ ಸೊಂಟಾ ಮುರದ್ರೂ ನಿಮಗ ಪಂಪಿಂದ ಕಾಳಜಿ!"

ಶಂಕರೆಪ್ಪ ಪಂಪಿನ ಬಾಯಿ ಒಣಗಿದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ವಿಜಯಪುರದ ಕಡೆಯಿಂದ ಬಂದ ಇವರು ಕಲ್ಯಾಣದ ಸುತ್ತ ಕೈಪಂಪು ರಿಪೇರಿ ಮಾಡುತ್ತ ಮೂವತ್ತು ವರ್ಷವಾಯಿತು. ದಿನಕ್ಕೆ ಮೂರೋ ನಾಲ್ಕೋ ಪಂಪು. ಸವೆದ ವಾಶರ್ ಬದಲಿಸಿ, ಕೊಳವೆ ಎಳೆದು ಮುಗಿಸುವಷ್ಟರಲ್ಲಿ ರಟ್ಟೆ ಸೋಲುತ್ತದೆ. ನೀರು ಬಂದೊಡನೆ ಜನ ಕೊಡ ತರಲು ಓಡುತ್ತಾರೆ. ರಿಪೇರಿಯವನ ಮುಖ ಯಾರಿಗೂ ನೆನಪಿರುವುದಿಲ್ಲ.

ಹೆಸರು ಬಂದದ್ದು ತಮ್ಮದೇ ಚಾಳಿನ ಪಂಪಿನಿಂದ, ಅದೂ ಕೆಟ್ಟ ಹೆಸರು. ಕಳೆದ ಶ್ರಾವಣದಲ್ಲಿ ಕೊಳವೆ ಬದಲಿಸಿದ ದಿನ ಹೆಂಡತಿ ಕಾಳವ್ವ ಊರಿನ ರೂಢಿಯಂತೆ ಗಂಗವ್ವನ ಪೂಜೆ ಮಾಡಿ ಪಂಪಿನ ಬಾಯಿಗೆ ಅರಿಸಿನ ಬಳಿದರು. ಮೊದಲ ನೀರು ಹರಿದದ್ದೇ ತಡ, ಅರಿಸಿನ ಕೆಂಪಾಯಿತು. "ಗಂಗವ್ವ ಕುಂಕುಮಾ ಇಟ್ಕೊಂಡು ಬಂದಾಳ!" ಎಂದು ಹೆಂಗಸರು ಕೈಮುಗಿದರು. ಶಂಕರೆಪ್ಪನವರೂ ಮುಗಿದರು. ನೀರು ತೀರ್ಥವಾಗಿ ಮನೆಮನೆಗೆ ಹೋಯಿತು.

ಸಂಜೆ ಗಂಡನ ಅಂಗಿಗೆ ಹತ್ತಿದ ಅರಿಸಿನದ ಕಲೆಗೆ ಕಾಳವ್ವ ಸಾಬೂನು ತಿಕ್ಕಿದರು. ಅದೇ ಕೆಂಪು. ಓಕುಳಿಗೆಂದು ಅರಿಸಿನದ ನೀರಿಗೆ ಸುಣ್ಣ ಬೆರೆಸಿದಾಗ ಬರುವ ಕೆಂಪು. ಹಾಗಾದರೆ ಬೆಳಿಗ್ಗೆ ಹರಿದದ್ದು ಸಾಬೂನು, ಸುಣ್ಣದಂಥ ಏನು ಬೆರೆತ ನೀರು? ಶಂಕರೆಪ್ಪ ಕೂಡಲೇ ನಟ್ಟು ತಿರುಗಿಸುವ ಪಾನಾ ಹಿಡಿದು ಹೋಗಿ ಪಂಪಿನ ಹಿಡಿಕೆ ಬಿಚ್ಚಿದರು.

ದೇವಿಯನ್ನು ಕಟ್ಟಿಹಾಕಿದನೆಂದು ಚಾಳೆಲ್ಲ ಮುಗಿಬಿತ್ತು. ಶಂಕರೆಪ್ಪ ಪರೀಕ್ಷೆಗೆ ಕಳಿಸಿದ ನೀರಿನಲ್ಲಿ ಸುಣ್ಣದಂತೆ ಸುಡುವ ಕಾಸ್ಟಿಕ್‌ನ ಅಂಶವಿದೆ, ಕುಡಿಯಬಾರದು ಎಂಬ ಉತ್ತರ ಬಂದ ಮೇಲೆ ಜಗಳ ನಿಂತಿತು, ಮುನಿಸು ನಿಲ್ಲಲಿಲ್ಲ. ಹತ್ತಿರದಲ್ಲೇ ಬಟ್ಟೆಗೆ ಬಣ್ಣ ಹಾಕುವ ಘಟಕಗಳಿವೆ, ಅಲ್ಲಿ ಕಾಸ್ಟಿಕ್ ಬಳಸುತ್ತಾರೆ. ಕಾಸ್ಟಿಕ್ ಯಾರದೆಂದು ಇಂದಿಗೂ ಯಾರೂ ಬಾಯಿಬಿಟ್ಟಿಲ್ಲ.

"ಈಗ ಯಾವ ಪಂಪ್ ರಿಪೇರಿ ಮಾಡಿದ್ರೂ ಒಂದ್ ಚಿಟಿಕಿ ಅರಿಶಿಣಾ ಹಾಕಿ ನೋಡ್ತೀನ್ರಿ" ಎನ್ನುತ್ತಾರೆ ಶಂಕರೆಪ್ಪ. "ಕೆಂಪಾದ್ರ ಕೆಟ್ಟದ್ದು, ಖರೇ. ಹಳದೀನ ಉಳೀತು ಅಂದ್ರ ಛಲೋ ಅಂತಲ್ಲ ಮತ್ತ. ಬಾಟ್ಲಿ ಟೆಸ್ಟಿಂಗಿಗೆ ಕಳಸಾಕ ಬೇಕು."

ನಳದಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಟ್ಯಾಂಕರ್ ತಡವಾದ ದಿನ ಜನರ ಕಣ್ಣು ಮತ್ತೆ ಪಂಪಿನ ಕಡೆ ಹೊರಳುತ್ತದೆ. ಅಂಥ ದಿನ ಶಂಕರೆಪ್ಪ ಕೆಲಸ ಬಿಟ್ಟು ಅದರ ಪಕ್ಕದಲ್ಲೇ ಕೂರುತ್ತಾರೆ, ಟ್ಯಾಂಕರ್ ಬರುವವರೆಗೆ.

ಚಾಳಿಗೊಂದು ಸ್ವಂತ ನಳ ಬರಲಿ ಎಂಬುದಷ್ಟೇ ಅವರ ಆಸೆ. ಅಲ್ಲಿಯತನಕ ಬೈಸಿಕೊಳ್ಳಲು ಬೇಸರವಿಲ್ಲವೇ ಎಂದರೆ ನಗುತ್ತಾರೆ.

"ಬೈಲಿ ಬಿಡ್ರಿ. ಆ ನೀರ ಕುಡಕೋತ ಇದ್ದಿದ್ರ ಬೈಯಾಕ ತ್ರಾಣರೆ ಎಲ್ಲಿರ್ತಿತ್ತು? ಎಲ್ಲಾರ ದನೀನೂ ಗಟ್ಟಿ ಐತಿ. ನನಗ ಅಷ್ಟ ಸಾಕು."