ಅಣ್ಣನಿಗೆಂದು ಕರಗಿಸಿದ ಕೊಬ್ಬು

ಟೈಲರಮ್ಮ ದಪ್ಪಗಿದ್ದಳು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವೇನಿಲ್ಲ, ಅವಳೇ ಹೇಳಿಕೊಂಡು ತಿರುಗುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸಿರು ಬಿಡ್ರಮ್ಮಾ, ಬಟ್ಟೆ ಹಾಕ್ಕೊಂಡ್ಮೇಲೆ ಉಸಿರಾಡೋದು ಬೇಡ್ವಾ? ನನ್ನ ನೋಡಿ, ನಾನೇನಾದ್ರೂ ನಾಚ್ಕೋತೀನಾ?" ಎಂದು ನಗಿಸುತ್ತಿದ್ದಳು. ಎಳೇ ವಯಸ್ಸಿಗೆ ಹೊಲಿಗೆ ಮಷೀನಿನ ಮುಂದೆ ಕೂತವಳು ನಲವತ್ತು ದಾಟಿದರೂ ಎದ್ದಿರಲಿಲ್ಲ ಅನ್ನಬೇಕು. ಕೂತಲ್ಲೇ ಕೆಲಸ, ಕೂತಲ್ಲೇ ಊಟ, ಕೂತಲ್ಲೇ ಹರಟೆ. ಮದುವೆ ಆಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ.

ಅವಳಿಗೆ ತನ್ನವರು ಅಂತ ಇದ್ದವನು ಒಬ್ಬ ಅಣ್ಣ. ಅಪ್ಪ ತೀರಿಹೋದಾಗ ಓದು ಬಿಟ್ಟು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿದವನು, ಮೊದಲ ಸಂಬಳ ಕೂಡಿಟ್ಟು ತಂಗಿಗೆ ಮಷೀನು ತಂದುಕೊಟ್ಟವನು. ಇವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಹುಟ್ಟಿದಾಗಿನಿಂದ "ಡುಮ್ಮಿ". ಬೇರೆ ಯಾರಾದರೂ ಹಾಗಂದರೆ ಕತ್ತರಿ ತೋರಿಸುತ್ತಿದ್ದಳು, ಅಣ್ಣ ಅಂದರೆ ಮಾತ್ರ ಇಷ್ಟಗಲ ನಗು.

ಅಂಥ ಅಣ್ಣನ ಕಣ್ಣು ಒಂದು ದಿನ ಹಳದಿಯಾದವು. ಹೊಟ್ಟೆ ಉಬ್ಬಿತು, ಕೈಕಾಲು ಕಡ್ಡಿಯಾದವು. ಯಾವ ಕಾಲದಲ್ಲೋ ಬಂದು ಹೋಗಿದ್ದ ಸೋಂಕು ಒಳಗೊಳಗೇ ಲಿವರನ್ನು ತಿಂದುಹಾಕಿತ್ತಂತೆ. ಜನರ ಬಾಯಿಗೆ ಬೀಗ ಹಾಕುವವರು ಯಾರು? ಕದ್ದು ಕುಡಿಯುತ್ತಿದ್ದ ಅಂದರು. "ನೋಡು ಡುಮ್ಮಿ, ಕುಡಿಯದೇನೇ ಕುಡುಕ ಅನ್ನಿಸ್ಕೊಂಡೆ. ಗೊತ್ತಿದ್ದಿದ್ರೆ ಒಂದ್ಸಲ ರುಚಿನಾದ್ರೂ ನೋಡಿರ್ತಿದ್ದೆ," ಅಂದ ಅಣ್ಣ. ಎಲ್ಲರೂ ನಕ್ಕರು. ನೀರು ತರುವ ನೆಪದಲ್ಲಿ ತಂಗಿ ಆಚೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತಳು.

ಬದುಕಬೇಕಾದರೆ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಡಬೇಕು, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ ಅಂದರು ಡಾಕ್ಟರು. ಅತ್ತಿಗೆಯ ರಕ್ತ ಹೊಂದಲಿಲ್ಲ. ಅವರ ಮಗಳು ಇನ್ನೂ ಸ್ಕೂಲು ಹುಡುಗಿ. ತಂಗಿಯದು ಹೇಳಿ ಮಾಡಿಸಿದ ಹಾಗೆ ಹೊಂದಿತು. "ತಗೊಳ್ಳಿ ಡಾಕ್ಟ್ರೇ, ಬೇಕಾದ್ರೆ ಪೂರ್ತಿ ತಗೊಳ್ಳಿ," ಎಂದು ಅವಳು ಕುರ್ಚಿಯಿಂದ ಎದ್ದೇ ಬಿಟ್ಟಳು. ಡಾಕ್ಟರು ಕೂರಿಸಿದರು. ಸ್ಕ್ಯಾನಿನಲ್ಲಿ ಕಂಡದ್ದು ಬೇರೆ. ಅವಳ ಲಿವರಿನ ತುಂಬಾ ಕೊಬ್ಬು. ಅದನ್ನು ಕತ್ತರಿಸಿ ಹಾಕಿದರೆ ಅವನಿಗೆ ಹತ್ತುವುದಿಲ್ಲ, ಇವಳಿಗೂ ಅಪಾಯ. ಮೊದಲು ಕೊಬ್ಬು ಇಳಿಸಿ, ಆಮೇಲೆ ಮಾತು. ಊಟ ಸ್ವಲ್ಪ ಕಡಿಮೆ ಮಾಡಿ, ಕೆಳಗಿನ ಮಹಡಿಯ ವ್ಯಾಯಾಮದ ಕೋಣೆಗೆ ಹೋಗಿ ಭಾರ ಎತ್ತುವುದನ್ನು ಕಲಿಯಿರಿ, ಅಲ್ಲಿ ಮೇಷ್ಟ್ರಿದ್ದಾರೆ ಅಂತಲೂ ಹೇಳಿ ಕಳಿಸಿದರು.

ಅತ್ತಿಗೆ ದಾರಿಯಲ್ಲೇ ತೀರ್ಮಾನ ಮಾಡಿಬಿಟ್ಟಳು. "ಭಾರ ಎತ್ತೋದಂತೆ! ಭಾರ ಎತ್ತಿದ್ರೆ ಮೈ ಇಳಿಯತ್ತಾ, ಬೆಳೆಯತ್ತಾ? ಪೈಲ್ವಾನರನ್ನ ನೋಡಿಲ್ವಾ ನಾವು? ಊಟ ಬಿಟ್ರೆ ತಾನಾಗೇ ಇಳಿಯತ್ತೆ. ಸ್ವಲ್ಪ ಬಿಟ್ರೆ ಸ್ವಲ್ಪ, ಪೂರ್ತಿ ಬಿಟ್ರೆ ಬೇಗ."

"ಹೌದು ಅತ್ತಿಗೆ," ಅಂದಳು ಇವಳು. ಬಾಯಿಮಾತಿಗೆ ಅಂದದ್ದಲ್ಲ, ಅವಳಿಗೂ ಅದೇ ಸರಿ ಅನ್ನಿಸಿತ್ತು. ಅಣ್ಣನಿಗಾಗಿ ಕಷ್ಟಪಡಬೇಕು ಅಂದಮೇಲೆ ಅರ್ಧಂಬರ್ಧ ಕಷ್ಟ ಯಾಕೆ?

ಅಂಗಡಿಯ ಹಿಂದಿನ ಕೋಣೆ ಬಿಟ್ಟು ಅಣ್ಣನ ಮನೆಗೇ ಬಂದು ಉಳಿದಳು. ಅತ್ತಿಗೆ ಅಡುಗೆಮನೆ ಬೀರುವಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಗ್ಗೆ ಒಂದು ಲೋಟ ನೀರು, ಮಧ್ಯಾಹ್ನ ಸೌತೆಕಾಯಿ, ಸಂಜೆ ಇನ್ನೊಂದು ಸೌತೆಕಾಯಿ. ಮಷೀನು ತುಳಿಯುವಾಗ ಕಣ್ಣು ಕತ್ತಲೆ ಬರುತ್ತಿತ್ತು, ಸೂಜಿಗೆ ದಾರ ಪೋಣಿಸಲು ಕೈ ನಡುಗುತ್ತಿತ್ತು. ಆದರೆ ತೂಕದ ಮಷೀನಿನ ಮುಳ್ಳು ದಿನಾ ಇಳಿಯಿತು ನೋಡಿ! ಅತ್ತಿಗೆ ಬಗ್ಗಿ ನೋಡಿ ಚಪ್ಪಾಳೆ ತಟ್ಟುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಆಗ ಇದ್ದ ಸಂತೋಷ ಅದೊಂದೇ.

ಎರಡು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನು. ಡಾಕ್ಟರು ರಿಪೋರ್ಟನ್ನೂ ಇವಳ ಬತ್ತಿದ ಮುಖವನ್ನೂ ನೋಡಿ, "ಏನು ಮಾಡ್ಕೊಂಡಿದ್ದೀರಮ್ಮಾ?" ಅಂದರು. ಲಿವರಿನ ಕೊಬ್ಬು ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು. ಕರಗಿದ್ದು ಮಾಂಸಖಂಡ. ರಕ್ತ ಕೂಡ ತೆಳುವಾಗಿಹೋಗಿತ್ತು. ಈ ಸ್ಥಿತಿಯಲ್ಲಿ ಚಾಕು ಮುಟ್ಟಿಸಲಾರೆ, ಇವತ್ತೇ ಮೇಷ್ಟ್ರನ್ನು ಹೋಗಿ ನೋಡಿ ಅಂದರು.

ಅತ್ತಿಗೆ ಡಾಕ್ಟರ ಮಾತು ನಂಬಲೇ ಇಲ್ಲ. "ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಆಗೋದು," ಅಂದಳು.

ಮೇಷ್ಟ್ರು ಎಂಬುವವರು ತಲೆ ಬೋಳಾದ, ಕುತ್ತಿಗೆಯೇ ಇಲ್ಲದಂಥ ಒಬ್ಬ ಮುಂಗೋಪಿ. ಎದುರಿಗೆ ನಿಂತವಳನ್ನು ನೋಡಿ, "ಉಪವಾಸ ಬಿದ್ರಾ?" ಎಂದು ಕೇಳಿದರು. ತಲೆಯಾಡಿಸಿದಳು. "ಮೈಗೆ ಊಟ ಕೊಡದೇ ಹೋದ್ರೆ ಅದು ಮನೆ ಸಾಮಾನು ಮಾರ್ಕೊಂಡು ತಿನ್ನತ್ತೆ, ತಾಯಿ. ಯಾವ್ದನ್ನ ಮೊದ್ಲು ಮಾರತ್ತೆ? ಕೆಲ್ಸಕ್ಕೆ ಬಾರ್ದೆ ಬಿದ್ದಿರೋದನ್ನ. ನೀವು ತೋಳಿಗೆ, ತೊಡೆಗೆ, ಬೆನ್ನಿಗೆ ಕೆಲ್ಸ ಕೊಡಿ. ಇವೆಲ್ಲ ಬೇಕಾದ್ವು ಅಂತ ಮೈಗೆ ಗೊತ್ತಾಗ್ಲಿ. ಆಗ ಕೈ ಹಾಕತ್ತೆ ಕೊಬ್ಬಿಗೆ. ಮೊಟ್ಟೆ ತಿನ್ನಿ, ಬೇಳೆ ತಿನ್ನಿ, ಅನ್ನ ಅರ್ಧ ಮಾಡಿ. ಹಿಡೀರಿ ಇದನ್ನ."

ಹಿಡಿದದ್ದು ಮಕ್ಕಳ ಆಟಿಕೆಯಂಥ ಒಂದು ಜೊತೆ ಡಂಬೆಲ್. ಅದನ್ನು ಹಿಡಿದು ನಾಲ್ಕು ಬಸ್ಕಿ ಹೊಡೆಯುವಷ್ಟರಲ್ಲಿ ಟೈಲರಮ್ಮನ ಜೀವ ಬಾಯಿಗೆ ಬಂತು. ಮಾರನೇ ದಿನ ಮೆಟ್ಟಿಲಿಳಿಯಲು ಆಗದೆ ಹಿಂದುಮುಂದಾಗಿ ಇಳಿದಳು. ಆದರೂ ಹೋದಳು. ಅವಳಿಗೆ ಹಟ ಬಂದಿತ್ತು. ಬರುಬರುತ್ತಾ ಡಂಬೆಲ್ ಹೋಗಿ ಕಬ್ಬಿಣದ ಸರಳು ಬಂತು, ಸರಳಿನ ಎರಡೂ ಕಡೆ ಬಿಲ್ಲೆಗಳು ಬಂದವು. ಹೊಸದಾಗಿ ಬಂದ ಹೆಂಗಸರ ಮುಂದೆ ಅವಳನ್ನು ನಿಲ್ಲಿಸಿ, "ನೋಡಿ, ಬೆನ್ನು ಬಗ್ಗಿಸ್ದೆ ಹೇಗೆ ಎತ್ತುತ್ತಾರೆ," ಎಂದು ಮೇಷ್ಟ್ರು ತೋರಿಸುವಷ್ಟು ಆಯಿತು. ಇಷ್ಟು ವರ್ಷ ಕೂತೇ ಇದ್ದ ಮೈಯಲ್ಲಿ ಇಷ್ಟು ಶಕ್ತಿ ಎಲ್ಲಿತ್ತೋ ಅಂತ ಅವಳಿಗೇ ಸೋಜಿಗ.

ತೊಂದರೆ ಇದ್ದದ್ದು ಮನೆಯಲ್ಲಿ. ತೂಕದ ಮುಳ್ಳು ನಿಂತುಬಿಟ್ಟಿತ್ತು. ಕೊಬ್ಬು ಹೋದಷ್ಟು ಮಾಂಸ ಬರುತ್ತಿತ್ತಲ್ಲ, ಮುಳ್ಳು ಪಾಪ ಏನು ಮಾಡೀತು? ಒಂದು ವಾರವಂತೂ ಚೂರು ಮೇಲಕ್ಕೇ ಹೋಯಿತು. ಟೈಲರಮ್ಮ ತನ್ನ ಟೇಪನ್ನೇ ಸೊಂಟಕ್ಕೆ ಸುತ್ತಿ, "ನೋಡಿ ಅತ್ತಿಗೆ, ಮೂರು ಇಂಚು ಕಮ್ಮಿ. ಟೇಪು ಸುಳ್ಳು ಹೇಳಲ್ಲ," ಅಂದಳು. ಅತ್ತಿಗೆ ಟೇಪಿನ ಕಡೆ ನೋಡಲೂ ಇಲ್ಲ. ಒಲೆಯ ಪಕ್ಕ ಕೂತು ಇವಳು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಾಗ ಅತ್ತಿಗೆಯ ಸಹನೆಯ ಕಟ್ಟೆಯೊಡೆಯಿತು.

"ತಿನ್ನು, ಚೆನ್ನಾಗ್ ತಿನ್ನು! ಅಲ್ಲಿ ನನ್ನ ಗಂಡ ಒಂದು ತುತ್ತು ಗಂಟಲಲ್ಲಿ ಇಳೀದೆ ಒದ್ದಾಡ್ತಿದಾನೆ, ಇಲ್ಲಿ ನಿಂಗೆ ಮೂರು ಮೂರು ಮೊಟ್ಟೆ! ಕೊಡೋಕೆ ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬಿಡು, ನಾಟಕ ಯಾಕೆ?"

ಸುಲಿದ ಮೊಟ್ಟೆ ಕೈಯಲ್ಲೇ ಉಳಿಯಿತು. ಟೈಲರಮ್ಮ ಕಣ್ಣಲ್ಲಿ ನೀರು ಸುರಿಸುತ್ತಲೇ, ಉಪ್ಪು ಹಚ್ಚಿ ಅದನ್ನು ತಿಂದು ಮುಗಿಸಿದಳು. ತಿನ್ನಲೇಬೇಕಿತ್ತು. ಊಟಕ್ಕಾಗಿ ಪ್ರಾಣ ಬಿಡುತ್ತಿದ್ದ ಹೆಂಗಸಿಗೆ ಜನ್ಮದಲ್ಲಿ ಮೊದಲ ಸಲ ಊಟ ವಿಷದ ಹಾಗೆ ಇಳಿಯಿತು.

ಅಣ್ಣನಿಗೆ ಎಲ್ಲವೂ ಕೇಳಿಸಿತ್ತು. ಮಂಚದ ಪಕ್ಕ ಬಂದು ಕೂತವಳ ತೋಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. "ಏ, ಇದೇನೇ ಡುಮ್ಮಿ! ಬಸ್ಸಿನ ಟೈರ್ ಆಗೋಯ್ತಲ್ಲ. ಡಿಪೋಗೆ ಬಂದ್ರೆ ಜ್ಯಾಕಿ ಬೇಕಾಗಿಲ್ಲ, ನೀನೇ ಎತ್ತಿ ಹಿಡ್ಕೋಬಹುದು." ಆಮೇಲೆ ದನಿ ಸಣ್ಣದು ಮಾಡಿ, "ಅವಳ ಮಾತು ಮನಸ್ಸಿಗೆ ಹಚ್ಕೋಬೇಡ. ಹೆದರಿಕೊಂಡಿದಾಳೆ ಕಣೆ. ನಾನೂ ಹೆದರಿಕೊಂಡಿದೀನಿ. ನಂಗೆ ಸಾಯೋಕೆ ಇಷ್ಟ ಇಲ್ಲ," ಅಂದ. ಅಣ್ಣ ಅಂಥ ಮಾತು ಆಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ನಾನು ಬಿಡಲ್ಲ," ಅಂದಳು.

ಮುಂದಿನ ಸ್ಕ್ಯಾನಿನ ದಿನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಲಿವರು ಶುದ್ಧವಾಗಿತ್ತು. ತೂಕದಲ್ಲಿ ದೊಡ್ಡ ವ್ಯತ್ಯಾಸವೇ ಇಲ್ಲದಿದ್ದರೂ ಒಳಗಿನ ಕೊಬ್ಬು ಕರಗಿಹೋಗಿತ್ತು, ರಕ್ತವೂ ಸರಿಹೋಗಿತ್ತು. ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಅವಳು ಮೆಟ್ಟಿಲು ಇಳಿದು ಮೇಷ್ಟ್ರ ಕೈ ಹಿಡಿದುಕೊಂಡು ಎಲ್ಲರೆದುರಿಗೂ ಗೊಳೋ ಎಂದು ಅತ್ತಳು. ಮುಂಗೋಪಿ ಮೇಷ್ಟ್ರು ಏನು ಮಾಡಬೇಕೆಂದು ತಿಳಿಯದೆ, "ಆಯ್ತು, ಆಯ್ತು, ಹೋಗಿ ಊಟ ಮಾಡಿ," ಅಂದರು.

ಆಪರೇಷನ್ನಿನ ದಿನ ಬರಲಿಲ್ಲ. ಅದಕ್ಕೂ ಮೊದಲೇ ಅಣ್ಣನಿಗೆ ಜ್ವರ ಬಂತು. ಹೊಟ್ಟೆಯಲ್ಲಿ ತುಂಬಿಕೊಂಡಿದ್ದ ನೀರಿಗೆ ಸೋಂಕು ತಗುಲಿತ್ತು, ಅದು ರಕ್ತಕ್ಕೂ ಏರಿತು. ಇಂಥ ಜ್ವರದಲ್ಲಿ ಆಪರೇಷನ್ ಸಾಧ್ಯವಿಲ್ಲ ಅಂದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವಳು ಗಟ್ಟಿಮುಟ್ಟಾಗಿ, ಒಂದು ಕುಂದೂ ಇಲ್ಲದ ಲಿವರು ಇಟ್ಟುಕೊಂಡು ಕೂತೇ ಇದ್ದಳು. ಅಣ್ಣ ಒಳಗೆ ಸತ್ತುಹೋದ.

ಎಲ್ಲ ಮುಗಿದ ಮೇಲೆ ಅವಳೊಬ್ಬಳೇ ಹೋಗಿ ಡಾಕ್ಟರನ್ನು ಕೇಳಿದಳು. ಮೊದಲೇ ಮೇಷ್ಟ್ರ ಹತ್ತಿರ ಹೋಗಿದ್ದರೆ? ಆ ಉಪವಾಸದ ತಿಂಗಳುಗಳು ಹಾಳಾಗದೇ ಇದ್ದಿದ್ದರೆ? ಡಾಕ್ಟರು ಕನ್ನಡಕ ತೆಗೆದಿಟ್ಟರು. "ಕೇಳಿದ್ರಿ ಅಂತ ಹೇಳ್ತೀನಮ್ಮ. ಎರಡು ತಿಂಗಳ ಹಿಂದೆ ನಿಮ್ಮ ಲಿವರ್ ಹೀಗಿದ್ದಿದ್ರೆ ಮಾಡಿಬಿಡ್ತಿದ್ವಿ. ಆಗ ಅವರು ತಡ್ಕೊಳ್ತಿದ್ರು." ಅವಳು ಕೈಮುಗಿದು ಎದ್ದುಬಂದಳು. ಬೀಗ ಹಾಕಿದವಳು ಅತ್ತಿಗೆ, ನಿಜ. ಹೂಂ ಅಂದವಳು ಯಾರು?

ಅವಳು ಮತ್ತೆ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಅತ್ತಿಗೆಯ ಸುದ್ದಿ ಅವರಿವರಿಂದ ಬರುತ್ತಿತ್ತು. ಊಟ ಮಾಡುತ್ತಿಲ್ಲವಂತೆ, ಮಗಳು ಬಲವಂತ ಮಾಡಿದರೂ ತಟ್ಟೆ ಸರಿಸುತ್ತಾಳಂತೆ. ಒಂದು ಮಧ್ಯಾಹ್ನ ಅತ್ತಿಗೆಯೇ ಬಂದಳು, ಮಗಳ ಯೂನಿಫಾರ್ಮ್ ಬಟ್ಟೆ ಹಿಡಿದುಕೊಂಡು. ಸೊರಗಿ ಅರ್ಧವಾಗಿದ್ದಳು. ಬಟ್ಟೆಯನ್ನು ಮೇಜಿನ ಮೇಲಿಟ್ಟಳು, ಅಳತೆಯ ಮಾತು ಎತ್ತಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳ್ತೀಯಾ?"

"ಕೇಳಿ ಅತ್ತಿಗೆ."

"ಮೊದಲ ದಿನಾನೇ ನಿನ್ನನ್ನ ಆ ಮೇಷ್ಟ್ರ ಹತ್ರ ಕಳಿಸಿದ್ದಿದ್ರೆ... ನಾನು ಬೀಗ ಹಾಕದೆ ಇದ್ದಿದ್ರೆ... ಅವರು ಉಳೀತಿದ್ರಾ?"

ಟೈಲರಮ್ಮನ ಬಾಯಿಗೆ ಬಂದದ್ದು ಹೌದು ಅನ್ನುವ ಮಾತೇ. ಹೇಳಿಬಿಡಬೇಕು ಅನ್ನಿಸಿತು. ಅಷ್ಟು ನೋವಿತ್ತು ಅವಳೊಳಗೆ, ಆ ಮೊಟ್ಟೆ ತಿಂದ ದಿನದ ಸಿಟ್ಟೂ ಇತ್ತು. ಎದುರಿಗಿದ್ದವಳ ಕುತ್ತಿಗೆಯ ಮೂಳೆಗಳನ್ನು ನೋಡಿದಳು.

"ಇಲ್ಲ ಅತ್ತಿಗೆ. ನಾನು ಡಾಕ್ಟರನ್ನೇ ಕೇಳ್ದೆ. ಯಾವಾಗ ಮಾಡಿದ್ರೂ ಅಣ್ಣ ತಡ್ಕೊಳ್ತಿರ್ಲಿಲ್ಲವಂತೆ. ನಮ್ಮ ಕೈಲಿ ಏನೂ ಇರ್ಲಿಲ್ಲ."

ಅತ್ತಿಗೆ ಸ್ಟೂಲಿನ ಮೇಲೆ ಕುಸಿದಳು. ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತಳು. "ಹಾಗಾದ್ರೆ ನೀನು ತಿಂದದ್ದರಿಂದ್ಲೂ ಅಲ್ಲ. ನಾನು ಸುಮ್ನೆ ನಿನ್ನ ಮೇಲೂ ಮನಸ್ಸಲ್ಲಿ ತಪ್ಪು ಹೊರಿಸ್ತಿದ್ದೆ, ನನ್ನ ಕ್ಷಮಿಸೇ," ಅಂದಳು. ಎಷ್ಟೋ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಏನಾದ್ರೂ ತಿನ್ನೋಕೆ ಇದೆಯೇನೇ? ಹೊಟ್ಟೆ ಹಸೀತಿದೆ," ಎಂದು ಕೇಳಿದಳು.

ಟೈಲರಮ್ಮ ತನ್ನ ಊಟದ ಡಬ್ಬಿ ತೆರೆದು ಅವಳ ಮುಂದಿಟ್ಟಳು. ಅತ್ತಿಗೆ ತಲೆ ಬಗ್ಗಿಸಿ ಗಬಗಬ ತಿನ್ನುತ್ತಿದ್ದರೆ, ಇವಳು ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅಣ್ಣ ಉಳಿಯುತ್ತಿದ್ದ ಅನ್ನುವುದನ್ನು ಇನ್ನು ಯಾರ ಹತ್ತಿರವೂ ಹೇಳಿಕೊಂಡು ಅಳುವ ಹಾಗಿರಲಿಲ್ಲ.