ಮಾವನ ಆರ್ಗನ್ನು, ಒಂದು ಬೆಂಕಿಕಡ್ಡಿ

ಕರೆಂಟು ಹೋದರೆ ಹೆದರುವವರು ಇರುತ್ತಾರೆ. ನಾನು ಹೆದರುವುದು ಕರೆಂಟು ಬಂದಾಗ.

ಹೊಸಪೇಟೆಯ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಹಳೆಯ ಎಲೆಕ್ಟ್ರಾನಿಕ್ ಆರ್ಗನ್ ಇದೆ. ಕರೆಂಟು ಬಂದ ಕೂಡಲೇ ಫ್ಯಾನು ತಿರುಗುತ್ತದೆ, ಫ್ರಿಜ್ಜು ಗುರ್ ಅನ್ನುತ್ತದೆ. ಆಮೇಲೆ, ನಾವು ಮರೆತೆವು ಅನ್ನುವಷ್ಟರಲ್ಲಿ, ಯಾರೂ ಮುಟ್ಟದ ಆರ್ಗನ್ ದನಿ ತೆಗೆಯುತ್ತದೆ. ಒಂದೇ ಸ್ವರ. ಕಫ ಕಟ್ಟಿದ ಗಂಟಲಿನಂತೆ ಕೆಳಗೆ ಶುರುವಾಗಿ, ಮೆಲ್ಲಗೆ ಮೇಲೇರಿ, ತನ್ನ ಜಾಗ ಹುಡುಕಿಕೊಂಡು ನಿಲ್ಲುತ್ತದೆ. ಮೈ ಕಾದ ಮೇಲೆ ತಾನೇ ಸುಮ್ಮನಾಗುತ್ತದೆ, ಮತ್ತೆ ಕರೆಂಟು ಹೋಗಿ ಬರುವ ತನಕ.

ಅದು ನಮ್ಮ ಮಾವನದು. ನನಗೆ ಅವನು ತಾಯಿಯ ತಮ್ಮ, ಆಮೇಲೆ ಹೆಂಡತಿಯ ಅಪ್ಪ. ಎರಡೂ ಕಡೆಯಿಂದ ಮಾವನೇ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಸಂಡೂರಿನ ಗಣಿಯಲ್ಲಿ ದುಡಿಮೆ, ದುಡಿಮೆ ಮುಗಿದ ಮೇಲೆ ನಾಟಕದ ಮಾಸ್ತರಿಕೆ. ವಡ್ಡು, ಕುರೆಕುಪ್ಪದಂಥ ಸುತ್ತಲ ಊರಿನವರು ನಾಟಕ ಕಲಿಯಲು ಹೊರಟರೆ ಆರ್ಗನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಮಾವ ಅದನ್ನು ತಬ್ಬಿಕೊಂಡು ಕೂತಿರುತ್ತಿದ್ದ. ಹಾಡುವವರು ಸುರ ಬಿಟ್ಟು ಓಡಬಾರದೆಂದು, ಬೀಡಿ ಹಚ್ಚಿ ಉಳಿದ ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಚಪ್ಪಟೆ ಮಾಡಿ, ಬಿಳಿ ನಾಲ್ಕನೆಯ ಕೀ ಪಕ್ಕದ ಸಂದಿಗೆ ಸಿಕ್ಕಿಸುತ್ತಿದ್ದ. ಕೀ ಒತ್ತಿದಂತೆಯೇ ಉಳಿದು ‘ಸಾ’ ಹರಿಯುತ್ತಿತ್ತು. ಮಾವನ ಎರಡೂ ಕೈ ಖಾಲಿ: ಒಂದು ಬೀಡಿಗೆ, ಇನ್ನೊಂದು ಬೈಗುಳಕ್ಕೆ.

ಹೋದ ವರ್ಷ ಮಾವ ತೀರಿಕೊಂಡ. ಆರ್ಗನ್ ನಮ್ಮ ಮನೆಗೆ ಬಂತು, ಕಡ್ಡಿಯ ಸಮೇತ. ಅದರ ಸ್ವಿಚ್ಚು ಹಾಕಿದಲ್ಲೇ ಜಾಮ್ ಆಗಿತ್ತು. ಪ್ಲಗ್ ಕೀಳಲು ಹೋದರೆ ನನ್ನ ಹೆಂಡತಿ ಹುಲಿಗೆಮ್ಮ ಕೈ ಹಿಡಿದಳು.

“ಇರ್ಲಿ ಬಿಡ್ರಿ. ಅಪ್ಪ ಎದ್ದ ಅಂತ ಗೊತ್ತಾಗ್ತೈತಿ.”

“ಎದ್ದ ಅನಬ್ಯಾಡ ಮಾರಾಯ್ತಿ, ಮೈ ಜುಮ್ಮ್ ಅಂತೈತಿ.”

“ಅಪ್ಪ ಇದ್ದಾಗ್ಲೂ ನಿಮಗ ಹಂಗ ಅಂತಿತ್ತು.”

ಅದು ಸುಳ್ಳಲ್ಲ.

ಆದರೆ ಬರಬರುತ್ತ ಬೇರೊಂದು ಸಂಗತಿ ನನ್ನ ಗಮನಕ್ಕೆ ಬಂತು. ಆ ಸ್ವರ ನಿಂತ ಮೇಲೂ ಮನೆ ಅದನ್ನು ಬಿಡುತ್ತಿರಲಿಲ್ಲ. ಹುಲಿಗೆಮ್ಮ ರೊಟ್ಟಿ ಬಡಿಯುತ್ತ ಗುನುಗುವುದು ಅದೇ ಸುರ, ಕೇಳಿದರೆ “ನಾನೆಲ್ಲಿ ಗುನುಗಿದೆ?” ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನಾನು “ನೀರು ಕೊಡು” ಎಂದೆ. ಆ ಎರಡು ಮಾತೂ ಬಿಳಿ ನಾಲ್ಕರ ಸುರದಲ್ಲೇ ಹೊರಬಿದ್ದವು. ನೀರು ಕುಡಿಯಲಾಗದೆ ಲೋಟ ಹಿಡಿದು ಕೂತೆ.

ಆಗ ಅನ್ನಿಸಿತು, ಇದಕ್ಕೊಂದು ಗತಿ ಕಾಣಿಸಬೇಕು. ರಿಪೇರಿ ಮಾಡಿಸಿ ನಾನೇ ಕಲಿಯುವ ಆಸೆಯೂ ಇತ್ತು. ಹಾಸ್ಟೆಲಿನಲ್ಲಿರುವ ಮಗಳ ಜೊತೆಗೇ ಪರೀಕ್ಷೆ ಬರೆದು ಹತ್ತನೇ ಕ್ಲಾಸು ಪಾಸಾಗಿ, ಈಗ ಒಂದೇ ಬೆರಳಲ್ಲಿ ಇದನ್ನು ಟೈಪು ಮಾಡುತ್ತಿರುವವನು ನಾನು. ಉಳಿದ ಒಂಬತ್ತು ಬೆರಳಿಗೂ ಏನಾದರೂ ಕೆಲಸ ಬೇಕಲ್ಲ. ಅಷ್ಟರಲ್ಲಿ ಹಂಪಿಯ ಗೆಸ್ಟ್ ಹೌಸಿನವನೊಬ್ಬ ಕೊಳ್ಳಲು ಬಂದ.

“ಒಳಗಿಂದೆಲ್ಲ ತಗದು ಒಗದು, ಮ್ಯಾಲ ಗ್ಲಾಸ್ ಹಾಕಿಬಿಟ್ರ ಮಸ್ತ್ ಕೌಂಟರ್ ಆಕ್ಕೈತಿ ಸರ. ಫಾರಿನ್‌ನವ್ರು ಫೋಟೋ ಹೊಡ್ಕಂತಾರ.”

ಹುಲಿಗೆಮ್ಮ ಬಾಗಿಲಲ್ಲಿ ನಿಂತು ಕೇಳಿದಳು: “ನಮ್ಮಪ್ಪನ ಹೊಟ್ಟಿ ಬಗದು ಅದರ ಮ್ಯಾಲ ಚಾ ಇಡ್ತೀರೇನು?”

ಅವನು ತನಗೆ ಕೊಟ್ಟ ಚಹಾ ಮುಗಿಸದೆ ಎದ್ದ.

ಹಂಪಿಯವರಿಗೆ ಇದು ಹೊಸದಲ್ಲ. ಬಿದ್ದದ್ದನ್ನು ಎತ್ತಿ ನಿಲ್ಲಿಸಬೇಕೋ, ಅದರ ನೆರಳಲ್ಲಿ ಅಂಗಡಿ ಇಡಬೇಕೋ, ಹಾಗೇ ಬಿಡಬೇಕೋ ಎಂದು ಅಲ್ಲಿನ ಒಂದೊಂದು ಕಲ್ಲಿನ ಮುಂದೆಯೂ ಯಾರೋ ತಲೆ ಕೆರೆದುಕೊಂಡಿದ್ದಾರೆ. ತಟ್ಟಿದರೆ ಸ್ವರ ಹೊರಡಿಸುವ ಕಂಬಗಳು ಅಲ್ಲಿವೆ. ಈಗ ಯಾರೂ ತಟ್ಟುವಂತಿಲ್ಲ. ಒಳಗೇನಿದೆ ನೋಡೋಣವೆಂದು ಹಿಂದೆ ಬಿಳಿಯರು ಒಂದೆರಡನ್ನು ಕೊಯ್ಸಿದರಂತೆ, ಗೈಡುಗಳು ಹೇಳುತ್ತಾರೆ. ಒಳಗೆ ಕಲ್ಲೇ ಇತ್ತಂತೆ. ಟೊಳ್ಳಿದ್ದಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು. ಏನೂ ಇಲ್ಲದ ಕಡೆಯಿಂದ ದನಿ ಬರುತ್ತಿತ್ತು ಎಂದು ತಿಳಿದ ಮೇಲೆ ಆ ಜನ ಹೇಗೆ ನಿದ್ದೆ ಮಾಡಿದರೋ.

ನಾನೂ ಕೊಯ್ಸಿದೆ. ಕಂಪ್ಲಿಯಿಂದ, ಮಾವನನ್ನು ಬಲ್ಲ ಹೊನ್ನೂರಸ್ವಾಮಿ ಎಂಬ ಮೆಕ್ಯಾನಿಕ್ ಬಂದು ಆರ್ಗನ್ನಿನ ಮುಚ್ಚಳ ತೆಗೆದ. ಒಳಗೆಲ್ಲ ಅದಿರಿನ ಕೆಂಪು ಧೂಳು, ಮೆತ್ತಗೆ, ಕುಂಕುಮದ ಹಾಗೆ.

“ಅಣ್ಣಾ, ಇದು ಆರ್ಗನ್ನಲ್ಲ, ಅರ್ಧ ಸಂಡೂರು!” ಎಂದು ನಕ್ಕ. ನಗುತ್ತಲೇ ಪ್ಲಗ್ ಹಾಕಿದ. ಸ್ವರ ಎದ್ದು ನಿಂತಿತು. ಅವನು ಕಡ್ಡಿ ಕಿತ್ತ.

ಸ್ವರ ನಿಲ್ಲಲಿಲ್ಲ.

ಕಡ್ಡಿ ಹಿಡಿದ ಅವನ ಕೈ ಗಾಳಿಯಲ್ಲೇ ಉಳಿಯಿತು. “ಕಾಂಟ್ಯಾಕ್ಟ್ ಅಂಟ್ಕೊಂಡಿರ್ತೈತಿ,” ಅಂದ. ಹಾಗೆಂದವನೇ ಬ್ರಶ್ಶನ್ನು ಒಳಗೆ ತೂರಿಸುತ್ತ, ದನಿ ತಗ್ಗಿಸಿ, ಆರ್ಗನ್ನಿಗೇ ಹೇಳಿದ: “ಸಾಕು ಬಿಡ್ರಿ ಮಾಸ್ತರ್ರ.”

ಸ್ವರ ನಿಂತಿತು. ಬ್ರಶ್ಶು ತಾಗಿತೋ ಮಾತು ತಾಗಿತೋ ಗೊತ್ತಿಲ್ಲ. ಅವನು ಧೂಳೆಲ್ಲ ತೆಗೆದು, ಸ್ವಿಚ್ಚು ಸರಿಮಾಡಿ, ಜಲ್ದಿ ಹೊರಟ. ಈಗ ಎಲ್ಲ ಕೀಗಳೂ ಒತ್ತಿದರೆ ನುಡಿಯುತ್ತಿದ್ದವು, ಬಿಟ್ಟರೆ ಸುಮ್ಮನಾಗುತ್ತಿದ್ದವು. ನಾನು ಬಯಸಿದ್ದೂ ಅದನ್ನೇ.

ಮರುದಿನ ಬೆಳಿಗ್ಗೆ ಕರೆಂಟು ಹೋಗಿ ಬಂತು. ಫ್ಯಾನು. ಫ್ರಿಜ್ಜು. ಆಮೇಲೆ ಏನೂ ಇಲ್ಲ. ಹುಲಿಗೆಮ್ಮ ಕಿವಿಗೊಟ್ಟು ನಿಂತೇ ಇದ್ದಳು. ಹಂಚಿನ ಮೇಲೆ ರೊಟ್ಟಿ ಕರಕಲಾಯಿತು.

“ಅಪ್ಪ ಈಗ ಖರೇನ ಹೋದ,” ಅಂದಳು. ಆ ಮಾತಿಗೆ ಯಾವ ಸುರವೂ ಇರಲಿಲ್ಲ. ಮಾವ ಸತ್ತ ದಿನವೂ ಅವಳ ದನಿ ಹಾಗೆ ಕೇಳಿರಲಿಲ್ಲ.

ಅವಳು ನೀರಿಗೆ ಹೋದಾಗ ದೇವರ ಗೂಡಿನಿಂದ ಬೆಂಕಿಪೊಟ್ಟಣ ತಂದು ಒಂದು ಕಡ್ಡಿ ಗೀರಿ ಆರಿಸಿದೆ. ತುದಿ ಕಚ್ಚಿದೆ, ಬಾಯೆಲ್ಲ ಕಹಿ. ಕಡ್ಡಿ ಸಿಕ್ಕಿಸಲು ಬಗ್ಗಿ ನೋಡಿದರೆ, ಬಿಳಿ ನಾಲ್ಕರ ಸಂದಿಯಲ್ಲಿ ಆಗಲೇ ಒಂದು ಕಡ್ಡಿ ಇತ್ತು. ಸುಟ್ಟದ್ದು. ತುದಿ ಚಪ್ಪಟೆ. ನಾನು ಆರಿಸಿಟ್ಟಿದ್ದ ಸ್ವಿಚ್ಚೂ ಹಾಕಿತ್ತು. ಆರ್ಗನ್ ಗಂಟಲು ಸರಿಮಾಡಿಕೊಳ್ಳತೊಡಗಿತ್ತು.

ಹುಲಿಗೆಮ್ಮ ಕೊಡ ಹೊತ್ತು ಬಂದವಳು ಹೊಸ್ತಿಲಲ್ಲೇ ನಿಂತಳು. ಕಡ್ಡಿ ಹಿಡಿದು ಆರ್ಗನ್ನಿನ ಮೇಲೆ ಬಗ್ಗಿದ್ದ ನನ್ನನ್ನು ನೋಡಿ ಕಣ್ಣು ಒರೆಸಿಕೊಂಡಳು. ಊಟಕ್ಕೆ ಕೇಳದೆಯೇ ತುಪ್ಪ ಹಾಕಿದಳು.

ಗೆಸ್ಟ್ ಹೌಸಿನವನು ಮತ್ತೆ ಫೋನು ಮಾಡಿದ. “ಇಲ್ಲಪ್ಪ, ಕೊಡಾಕ ಬರಂಗಿಲ್ಲ. ಇನ್ನೂ ಬಳಸ್ತಾ ಅದಾರ,” ಎಂದೆ.

“ಯಾರು ಸರ?”

ಫೋನು ಇಟ್ಟುಬಿಟ್ಟೆ.

ಆ ಕಡ್ಡಿ ಇಟ್ಟವಳು ಹುಲಿಗೆಮ್ಮನೇ ಇರಬೇಕು. ಆದರೆ ಅವಳು ತುಪ್ಪ ಹಾಕಿದ ರೀತಿ ನೋಡಿದರೆ, ಇಟ್ಟವನು ನಾನೇ ಎಂದು ನಂಬಿದ ಹಾಗಿತ್ತು. ಇದುವರೆಗೂ ನಾನು ಕೇಳಿಲ್ಲ. ಕೇಳಿ, ಅವಳು “ನೀವಲ್ಲೇನು?” ಅಂದುಬಿಟ್ಟರೆ, ಆಮೇಲೆ ಈ ಮನೆಯಲ್ಲಿ ಕರೆಂಟು ಬರುವುದನ್ನು ಇಬ್ಬರೂ ಕೂತು ಕಾಯಬೇಕಾಗುತ್ತದೆ.